ಸರ್ವರಿಗೂ ಸ್ವಾಗತ

ನಮ್ಮ ಮನೆಯ ಮೇಜಿನ ಕೆಳಗಿನ ಖಾನೆಯಲ್ಲಿ ಆಹ್ವಾನ ಪತ್ರಿಕೆಗಳ ಒಂದು ಕಟ್ಟು ಇದೆ. ಮದುವೆಯವಲ್ಲ, ವಿಶ್ವವಿದ್ಯಾನಿಲಯದವು. ವಿಶೇಷ ಉಪನ್ಯಾಸ, ದತ್ತಿ ಉಪನ್ಯಾಸ, ವಿಚಾರ ಸಂಕಿರಣ, ಕವಿಗೋಷ್ಠಿ, ಜಯಂತಿ, ಸಂಸ್ಮರಣೆ, ಸಾಂಸ್ಕೃತಿಕ ಸಂಜೆ. ಈಚಿನ ವರ್ಷಗಳಲ್ಲಿ ಇವು ಅಂಚೆಯಲ್ಲಿ ಬರುವುದು ಕಡಿಮೆಯಾಗಿ ವಾಟ್ಸಾಪಿನಲ್ಲಿ ಬರುವುದು ಹೆಚ್ಚಾಗಿದೆ. ಆದರೂ ಕಾಗದದ್ದೊಂದು ಕೈಗೆ ಸಿಕ್ಕಿದರೆ ನಾವು ಬಿಸಾಡುವುದಿಲ್ಲ. ರಮಝಾನ್ ಬರುವ ಮುಂಚೆ ಮನೆಯನ್ನೆಲ್ಲ ತೊಳೆದು ಒಪ್ಪ ಮಾಡುವಾಗ ಮನೆಯಾಕೆ ಈ ಕಟ್ಟನ್ನು ಎತ್ತಿ ಹಿಡಿದು, 'ಇದನ್ನಾದರೂ ರದ್ದಿಗೆ ಹಾಕೋಣವೇ?' ಎಂದು ಪ್ರತಿ ವರ್ಷವೂ ಕೇಳುತ್ತಾಳೆ. ಕಥೆ ಬರೆಯುವವನಿಗೆ ಯಾವ ಕಾಗದವೂ ರದ್ದಿಯಲ್ಲ ಎಂದು ಹೇಳಿ ನಾವು ಪ್ರತಿ ವರ್ಷವೂ ಪಾರಾಗುತ್ತೇವೆ.

ಈ ಸಲ ಆ ಕಟ್ಟನ್ನು ಬಿಚ್ಚಿ ಒಂದೊಂದಾಗಿ ಓದಿದೆವು. ಒಂದು ಕಥಾಸಂಕಲನವನ್ನು ವಿಮರ್ಶೆಗೆಂದು ಓದುವ ಹಾಗೆಯೇ ಓದಿದೆವು. ಆಹ್ವಾನ ಪತ್ರಿಕೆಯೂ ಒಂದು ಬರವಣಿಗೆಯೇ. ಅದಕ್ಕೂ ಪಾತ್ರಗಳಿವೆ, ಕ್ರಮವಿದೆ, ಯಾರು ಮುಖ್ಯ ಯಾರು ಅಮುಖ್ಯ ಎಂಬ ತೀರ್ಮಾನವಿದೆ. ಒಂದು ಪತ್ರಿಕೆಯಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ಸ್ವಾಗತ, ಪ್ರಾಸ್ತಾವಿಕ, ನಿರೂಪಣೆ, ವಂದನಾರ್ಪಣೆ. ಉಪನ್ಯಾಸಕರ ಹೆಸರು ಒಂಬತ್ತನೆಯದು. ಉಪನ್ಯಾಸದ ವಿಷಯಕ್ಕೆ ಒಂದೇ ಸಾಲು, ಅದೂ ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ. ಸಭೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದು ಇಲ್ಲ. ಅಲ್ಲಿಗೆ ಯಾವ ಬಸ್ಸು ಹೋಗುತ್ತದೆ ಎಂಬುದು ಇಲ್ಲ. ಕೇಳುಗರು ಏನಾದರೂ ಕೇಳಬಹುದೇ ಎಂಬುದು ಇಲ್ಲ. ಕೊನೆಯಲ್ಲಿ ಮಾತ್ರ, ಎಲ್ಲ ಪತ್ರಿಕೆಗಳಲ್ಲೂ ತಪ್ಪದೆ, ಒಂದು ವಾಕ್ಯ ಇದೆ: 'ಸರ್ವರಿಗೂ ಆದರದ ಸ್ವಾಗತ'.

ಈ 'ಸರ್ವರು' ಯಾರು? ನಮ್ಮ ವಿಮರ್ಶೆಯೆಲ್ಲ ಈ ಒಂದು ಪದದ ಮೇಲೆಯೇ ನಿಂತಿದೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಚಾಚಾ ಇದ್ದಾರೆ. ವಯಸ್ಸು ಎಪ್ಪತ್ತರ ಮೇಲೆ. ಓದಿದ್ದು ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ. ಕನ್ನಡ ಪತ್ರಿಕೆಯನ್ನು ಮಾತ್ರ ಮೊದಲ ಪುಟದಿಂದ ಕೊನೆಯ ಪುಟದವರೆಗೆ ದಿನವೂ ಓದುತ್ತಾರೆ. ಒಮ್ಮೆ ನಮ್ಮ ಕೈಯಲ್ಲಿದ್ದ ಆಹ್ವಾನ ಪತ್ರಿಕೆಯನ್ನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯಲ್ಲೇ ನೋಡಿದರು. ದಖನಿ ಸಾಹಿತ್ಯದ ಮೇಲೆ ಉಪನ್ಯಾಸ. 'ಬೇಟಾ, ಇದು ನಮ್ಮ ಮನೆಮಾತಿನ ಸಂಗತಿ. ಎಲ್ಲರೂ ಬರಬಹುದು ಅಂತ ಬರೆದಿದ್ದಾರೆ. ನನ್ನನ್ನೂ ಕರೆದುಕೊಂಡು ಹೋಗ್ತೀಯಾ?' ಎಂದರು. ಅಂಗಡಿಗೆ ಅರ್ಧ ದಿನ ಬೀಗ ಹಾಕಿ, ಈದ್‌ಗೆ ಹಾಕುವ ಬಿಳಿ ಜುಬ್ಬಾ ತೊಟ್ಟು ಬಂದರು.

ಪತ್ರಿಕೆಯಲ್ಲಿದ್ದ ಸಮಯ ಬೆಳಿಗ್ಗೆ 10.30. ಸಭೆ ಶುರುವಾದದ್ದು 11.40ಕ್ಕೆ. ವೇದಿಕೆಯ ಮೇಲೆ ಒಂಬತ್ತು ಜನ. ನಾಡಗೀತೆ, ಸ್ವಾಗತ, ಒಬ್ಬೊಬ್ಬರಿಗೂ ಹೂಗುಚ್ಛ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಆಮೇಲೆ ಪ್ರಾಸ್ತಾವಿಕ ನುಡಿ, ಉದ್ಘಾಟನಾ ನುಡಿ, ಅತಿಥಿಗಳ ನುಡಿ. ಉಪನ್ಯಾಸಕರು ಎದ್ದು ನಿಂತಾಗ 12.35. ಪುಣ್ಯಕ್ಕೆ ಅವರು ತಮ್ಮ ವಿಷಯವನ್ನು ಬಲ್ಲವರು. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹ ದಖನಿಯಲ್ಲಿ ರಚಿಸಿದ 'ಕಿತಾಬ್-ಎ-ನೌರಸ್'ನ ಬಗ್ಗೆ, ಅದರ ಹಾಡುಗಳಲ್ಲಿ ಸರಸ್ವತಿಯೂ ಗಣಪತಿಯೂ ಬಂದೇನವಾಝರೂ ಒಟ್ಟಿಗೆ ಇರುವುದರ ಬಗ್ಗೆ ಹೇಳಿದರು. ದಖನಿಯ ಕವಿ ವಲೀ 1700ರಲ್ಲಿ ದಿಲ್ಲಿಗೆ ಹೋದದ್ದು, ಅಲ್ಲಿಯವರೆಗೂ ಫಾರಸಿಯಲ್ಲೇ ಬರೆಯುತ್ತಿದ್ದ ದಿಲ್ಲಿಯ ಕವಿಗಳು ಇವರ ಗಝಲುಗಳನ್ನು ಕಂಡು ಆಡುಮಾತಿನ ಕಡೆಗೆ ತಿರುಗಿದ್ದು, ಇದನ್ನೆಲ್ಲ ಚೆನ್ನಾಗಿ ವಿವರಿಸಿದರು. ಚಾಚಾ ಕುರ್ಚಿಯ ತುದಿಗೆ ಬಂದು ಕೂತಿದ್ದರು. 1.20ಕ್ಕೆ ವೇದಿಕೆಯಿಂದ ಒಂದು ಚೀಟಿ ಹೋಯಿತು. ಉಪನ್ಯಾಸಕರು ಅದನ್ನು ನೋಡಿ ನಕ್ಕು, ಅರ್ಧಕ್ಕೇ ನಿಲ್ಲಿಸಿದರು.

ಚಾಚಾ ಕೈ ಎತ್ತಿದರು. ನಿರೂಪಕಿ ಮೈಕಿನಲ್ಲಿ, 'ಸಮಯದ ಅಭಾವದಿಂದ ಪ್ರಶ್ನೋತ್ತರ ಇರುವುದಿಲ್ಲ, ದಯವಿಟ್ಟು ಸಹಕರಿಸಬೇಕು' ಎಂದು ಬಿನ್ನವಿಸಿಕೊಂಡರು. ಅಧ್ಯಕ್ಷರ ಭಾಷಣವಾಯಿತು. ಆಮೇಲೆ ವಂದನಾರ್ಪಣೆ. ವೇದಿಕೆಯವರಿಗೆ, ಧ್ವನಿವರ್ಧಕದವರಿಗೆ, ಉಪಾಹಾರದವರಿಗೆ, ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಸಹಕರಿಸಿದ ಎಲ್ಲರಿಗೂ ವಂದನೆ. ಚಾಚಾ ತಮ್ಮ ಕೈಗಡಿಯಾರ ನೋಡಿಕೊಂಡು, 'ಹನ್ನೊಂದು ನಿಮಿಷ' ಎಂದರು. ಅವರ ಗಡಿಯಾರ ತಪ್ಪುವುದಿಲ್ಲ.

ಬಸ್ಸಿನಲ್ಲಿ ವಾಪಸಾಗುವಾಗ ಅವರ ಪ್ರಶ್ನೆ ಏನಿತ್ತೆಂದು ಕೇಳಿದೆವು. ಅವರು ಹೇಳಿದ್ದು ಹೀಗೆ: 'ನಮ್ಮ ಮಾತಿನಲ್ಲಿ ಬೇಡ ಅನ್ನೋದಕ್ಕೆ ನಕ್ಕೋ ಅಂತೀವಿ. ಅದು ಮರಾಠಿಯವರ ನಕೋ ಅಂತ ಎಲ್ಲರಿಗೂ ಗೊತ್ತು. ಹಾಗಾದರೆ ನಾವು ಹೌ ಅನ್ನೋದಕ್ಕೂ ನೀವು ಹೌದು ಅನ್ನೋದಕ್ಕೂ ಏನಾದರೂ ಸಂಬಂಧ ಇದೆಯಾ? ಬೇಡ ಅನ್ನೋದನ್ನು ಮರಾಠಿಯಿಂದ, ಹೌದು ಅನ್ನೋದನ್ನು ಕನ್ನಡದಿಂದ ತಗೊಂಡೆವಾ? ಇಷ್ಟೇ ಕೇಳಬೇಕು ಅಂತಿದ್ದೆ.'

'ಇಷ್ಟೇ' ಎಂದರು ಅವರು. ಆ ಸಭೆಯಲ್ಲಿ ಯಾರೂ ಕೇಳದೆ ಹೋದ ಪ್ರಶ್ನೆ ಅದು. ಅದರ ಮೇಲೆಯೇ ಇನ್ನೊಂದು ಉಪನ್ಯಾಸ ಆಗಬಹುದಿತ್ತು. ಸಭಾಂಗಣದಲ್ಲಿದ್ದ ಇನ್ನೂರು ಜನರಲ್ಲಿ ದಖನಿಯನ್ನು ಆಡಿ ಬದುಕುವವರು ಬೆರಳೆಣಿಕೆಯಷ್ಟು. ಉಳಿದವರು ತರಗತಿ ಬಿಡಿಸಿ ಕರೆತಂದ ವಿದ್ಯಾರ್ಥಿಗಳು. ಬಾಗಿಲಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಕೂತವರು, ಊಟದ ಹೊತ್ತು ಮೀರಿ ಒದ್ದಾಡುತ್ತಿದ್ದವರು. ಅವರದೇನೂ ತಪ್ಪಿಲ್ಲ. ಆದರೆ ದುಡ್ಡು ಖರ್ಚು ಮಾಡಿ, ಅಂಗಡಿ ಮುಚ್ಚಿ, ತಾನಾಗಿ ಬಂದ ಒಬ್ಬ ಕೇಳುಗನಿಗೆ ಎರಡು ನಿಮಿಷ ಇರಲಿಲ್ಲ ಎಂಬುದು ನಮ್ಮ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಸಾರ್ವಜನಿಕ ಉಪನ್ಯಾಸ ಎಂಬ ಪದ್ಧತಿ ಹುಟ್ಟಿದ್ದೇ ಇಂಥ ಕೇಳುಗರಿಗಾಗಿ. ಇಂಗ್ಲೆಂಡಿನಲ್ಲಿ ಜೇಮ್ಸ್ ಸ್ಟುವರ್ಟ್ ಎಂಬ ಕೇಂಬ್ರಿಜಿನ ಅಧ್ಯಾಪಕ 1867ರಲ್ಲಿ ಉತ್ತರದ ಊರುಗಳಿಗೆ ಹೋಗಿ, ಆಗ ವಿಶ್ವವಿದ್ಯಾನಿಲಯದ ಬಾಗಿಲು ತೆರೆಯದಿದ್ದ ಮಹಿಳೆಯರಿಗೆ ಪಾಠ ಹೇಳಿದ. ರೈಲ್ವೆ ಕೆಲಸಗಾರರಿಗೂ ಹೇಳಿದ. 1873ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಇದನ್ನು ತನ್ನದೇ ಕೆಲಸವೆಂದು ಒಪ್ಪಿಕೊಂಡಿತು. ಅದಕ್ಕೆ 'ವಿಸ್ತರಣೆ' ಎಂಬ ಹೆಸರು ನಿಂತಿತು. ಅವರ ಕ್ರಮದಲ್ಲಿ ಭಾಷಣ ಒಂದು ಭಾಗ ಮಾತ್ರ. ಭಾಷಣದ ಸಾರಾಂಶವನ್ನು ಅಚ್ಚು ಮಾಡಿ ಮೊದಲೇ ಕೈಗೆ ಕೊಡುತ್ತಿದ್ದರು, ಬರೆದು ತರಲು ಪ್ರಶ್ನೆಗಳನ್ನು ಕೊಡುತ್ತಿದ್ದರು, ಭಾಷಣದ ಜೊತೆಗೆ ಚರ್ಚೆಯ ತರಗತಿ ನಡೆಸುತ್ತಿದ್ದರು. ಕೇಳುಗನ ಬಾಯಿಗೆ ಕೆಲಸ ಕೊಡದ ಭಾಷಣವನ್ನು ಅವರು ಪೂರ್ತಿ ಭಾಷಣವೆಂದು ತಿಳಿಯಲಿಲ್ಲ.

ನಮ್ಮಲ್ಲಿಯೂ ಈ ಮಾತಿನ ಪರಂಪರೆ ಚಿಕ್ಕದಲ್ಲ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವ ಐದು ವರ್ಷ ಮುಂಚೆ, 1911ರಲ್ಲಿ, ಬಿ.ಎಂ. ಶ್ರೀಕಂಠಯ್ಯನವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ 'ಕನ್ನಡ ಮಾತು ತಲೆ ಎತ್ತುವ ಬಗೆ' ಎಂಬ ಭಾಷಣ ಮಾಡಿದರು. ಆಗ ಅವರಿಗೆ ಇಪ್ಪತ್ತೇಳರ ಆಸುಪಾಸಿನ ವಯಸ್ಸು. ಒಂದು ಭಾಷಣದಿಂದ ಒಂದು ನುಡಿಯ ನಡಿಗೆ ಬದಲಾಗಬಹುದು ಎಂಬುದಕ್ಕೆ ಕನ್ನಡದವರು ಇಂದಿಗೂ ಅದನ್ನೇ ತೋರಿಸುತ್ತಾರೆ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯ ಮುಂದೆ ಪ್ರಚಾರೋಪನ್ಯಾಸಗಳನ್ನು ಶುರುಮಾಡಿತು. ಅಧ್ಯಾಪಕರು ಸಣ್ಣ ಊರುಗಳಿಗೆ ಹೋಗಿ ವಿಜ್ಞಾನ, ಆರೋಗ್ಯ, ಚರಿತ್ರೆ, ಸಾಹಿತ್ಯಗಳ ಬಗ್ಗೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಆ ಮಾತು ಅಂಗೈಯಗಲದ ಪುಸ್ತಕವಾಗಿ ಅಗ್ಗದ ಬೆಲೆಗೆ ಸಿಗುತ್ತಿತ್ತು. ಕುವೆಂಪು ಅವರು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದಾಗ ಪ್ರಸಾರಾಂಗದ ಈ ಕೆಲಸಕ್ಕೆ ಹೊಸ ಬಲ ಬಂತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವೂ 'ಉಪನ್ಯಾಸ ಗ್ರಂಥಮಾಲೆ'ಯನ್ನು ಹೊರತಂದಿತು. ನಾವು ಹುಡುಗರಾಗಿದ್ದಾಗ ಊರಿನ ವಾಚನಾಲಯದಲ್ಲಿ ಇಂಥ ಪುಸ್ತಕಗಳು ಬೆನ್ನು ಹರಿದು ಬಿದ್ದಿರುತ್ತಿದ್ದವು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದು ಅಕ್ಷರ ಅಕ್ಷರ ಜೋಡಿಸಿ ಓದುತ್ತಿದ್ದ ನಮಗೆ ಅವುಗಳ ಭಾಷೆ ಎಟುಕುತ್ತಿತ್ತು. ಯಾರೋ ಒಬ್ಬ ಹಿರಿಯರು ಎದುರಿಗೆ ಕೂತು ಹೇಳಿದ ಹಾಗಿರುತ್ತಿತ್ತು. ಕೇಳುಗನನ್ನು ಕಣ್ಣೆದುರು ಇಟ್ಟುಕೊಂಡು ಬರೆದದ್ದಕ್ಕೆ ಇರುವ ಗುಣ ಅದು.

ಉರ್ದುವಿನ ಕಡೆಯಿಂದಲೂ ಒಂದು ನೆನಪು. ಇಕ್ಬಾಲರ ಪ್ರಸಿದ್ಧ ಧಾರ್ಮಿಕ ಚಿಂತನೆಯ ಉಪನ್ಯಾಸಗಳಿಗೆ ಕರೆ ಕೊಟ್ಟದ್ದು ಮದ್ರಾಸಿನ ಒಂದು ಮುಸ್ಲಿಂ ಸಂಘ. ಅದರ ಹಿಂದೆ ನಿಂತವರು ಸೇಠ್ ಜಮಾಲ್ ಮುಹಮ್ಮದ್ ಎಂಬ ಚರ್ಮದ ವ್ಯಾಪಾರಿ. 1929ರ ಜನವರಿಯ ಅದೇ ಪ್ರವಾಸದಲ್ಲಿ ಇಕ್ಬಾಲರು ನಮ್ಮ ಶ್ರೀರಂಗಪಟ್ಟಣಕ್ಕೂ ಬಂದು ಟಿಪ್ಪುವಿನ ಸಮಾಧಿಯ ಎದುರು ನಿಂತರು. ಆ ಉಪನ್ಯಾಸಗಳು 1930ರಲ್ಲಿ ಲಾಹೋರಿನಲ್ಲಿ ಪುಸ್ತಕವಾದವು. ಚರ್ಮ ಮಾರುವವನೊಬ್ಬ ತತ್ವಶಾಸ್ತ್ರ ಕೇಳಲು ಬಯಸಿದ್ದರಿಂದ ಆದ ಪುಸ್ತಕ ಅದು ಎಂಬುದನ್ನು ನಾವು ಮರೆಯಬಾರದು. ಸಭೆಗೆ ಯಾರು ಯೋಗ್ಯರು ಎಂದು ಮೊದಲೇ ತೀರ್ಮಾನಿಸುವವರಿಗೆ ಇದು ಒಳ್ಳೆಯ ಉತ್ತರ.

ಉರ್ದುವಿನಲ್ಲಿ ಈ ಉಪನ್ಯಾಸಗಳನ್ನು 'ಖುತ್ಬಾತ್' ಎನ್ನುತ್ತಾರೆ. ಜುಮಾದ ದಿನ ಮಿಂಬರಿನ ಮೇಲಿಂದ ಇಮಾಮರು ಕೊಡುವುದೂ ಖುತ್ಬಾ, ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರು ಕೊಡುವುದೂ ಖುತ್ಬಾ. ಪದ ಒಂದೇ, ಅದಬು ಬೇರೆ. ಜುಮಾದ ಖುತ್ಬಾ ನಡೆಯುವಾಗ ಪಕ್ಕದವನಿಗೆ 'ಸುಮ್ಮನಿರು' ಎಂದು ಹೇಳುವುದೂ ತಪ್ಪು. ವಿಶ್ವವಿದ್ಯಾನಿಲಯದ ಖುತ್ಬಾ ಮುಗಿದಾಗ ಸುಮ್ಮನಿರುವುದೇ ತಪ್ಪು. ನಮ್ಮ ಸಭೆಗಳಲ್ಲಿ ಈ ವ್ಯತ್ಯಾಸ ಅಳಿಸಿಹೋಗಿದೆ. ವೇದಿಕೆ ಮಿಂಬರ್ ಆಗಿದೆ, ಕೇಳುಗ ಮುಕ್ತದಿ ಆಗಿದ್ದಾನೆ. ನಿಜ ಹೇಳಬೇಕೆಂದರೆ ಮಿಂಬರಿನ ಚರಿತ್ರೆಯೂ ಇಷ್ಟು ಮೌನದ್ದಲ್ಲ. ಹಝ್ರತ್ ಉಮರ್ ಮಿಂಬರಿನ ಮೇಲಿಂದ ಮಹರಿಗೆ ಮಿತಿ ಹಾಕಲು ಹೊರಟಾಗ ಒಬ್ಬ ಹೆಣ್ಣುಮಗಳು ಎದ್ದು ನಿಂತು ಆಕ್ಷೇಪಿಸಿದ್ದು, ಖಲೀಫರು ಅವಳ ಮಾತೇ ಸರಿಯೆಂದು ಒಪ್ಪಿಕೊಂಡದ್ದು, ಈ ಕಥೆಯನ್ನು ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳುತ್ತಾರೆ. ಇನ್ನು ಮುಶಾಯಿರಾದ ಮಾತು ಬೇಡವೇ ಬೇಡ. ಅಲ್ಲಿ ಕೇಳುಗ 'ಮುಕರ್ರರ್' ಎಂದರೆ ಎಂಥ ದೊಡ್ಡ ಶಾಯರನೂ ಶೇರನ್ನು ಮತ್ತೊಮ್ಮೆ ಹೇಳಬೇಕು. ಕರಾವಳಿಯ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವಾದಕ್ಕೆ ನಿಂತರೆ ಕೇಳುಗರು ಬೆಳಗಿನವರೆಗೂ ಕೂರುತ್ತಾರೆ. ಮಾತು ಕೇಳುವುದರಲ್ಲಿ ನಮ್ಮ ಜನ ಎಂದೂ ಸೋತವರಲ್ಲ.

ಹಾಗಾದರೆ ವಿಶ್ವವಿದ್ಯಾನಿಲಯದ ಸಭೆ ಏಕೆ ಹೀಗಾಯಿತು? ಒಂದು ಕಾರಣ ಕಡತ. 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆ ಕಾಲೇಜು, ವಿಶ್ವವಿದ್ಯಾನಿಲಯಗಳನ್ನು ಅಳೆಯಲು ಬಹುಕಾಲ ಬಳಸಿದ ಏಳು ಮಾನದಂಡಗಳಲ್ಲಿ ವಿಸ್ತರಣಾ ಚಟುವಟಿಕೆಗೂ ಅಂಕಗಳಿದ್ದವು. ಉದ್ದೇಶ ಒಳ್ಳೆಯದೇ, ಸಮಾಜದ ಕಡೆಗೆ ಮುಖ ಮಾಡಿ ಎಂದೇ ಅದರ ಅರ್ಥ. ಆದರೆ ಅಂಕ ಬಂದ ಕಡೆ ದಾಖಲೆ ಬೇಕು. ದಾಖಲೆಗೆ ಆಹ್ವಾನ ಪತ್ರಿಕೆ, ಸಹಿ ಮಾಡಿದ ಹಾಜರಿ, ಸ್ಥಳ ಮತ್ತು ಸಮಯ ನಮೂದಾಗುವ ಫೋಟೋ, ಪತ್ರಿಕೆಯ ತುಣುಕು ಬೇಕು. ಇವುಗಳಲ್ಲಿ ಯಾವುದೂ ಪ್ರಶ್ನೆಯನ್ನು ದಾಖಲಿಸುವುದಿಲ್ಲ. ಕೇಳುಗನಿಗೆ ಏನು ತಿಳಿಯಿತು ಎಂಬುದಕ್ಕೆ ಫೋಟೋ ಇಲ್ಲ. ಹೀಗಾಗಿ ಫೋಟೋದಲ್ಲಿ ಕಾಣುವುದು ಬೆಳೆಯಿತು, ಕಾಣದ್ದು ಸೊರಗಿತು. ಒಂಬತ್ತು ಜನರ ವೇದಿಕೆ ಫೋಟೋದಲ್ಲಿ ತುಂಬಿ ಕಾಣುತ್ತದೆ. ಕೈ ಎತ್ತಿದ ಚಾಚಾ ಕಾಣುವುದಿಲ್ಲ.

ಇನ್ನೊಂದು ಕಾರಣ ದೂರ. ಮೈಸೂರಿನ ಮಾನಸಗಂಗೋತ್ರಿ ಊರೊಳಗೇ ಇದೆ. ಎಲ್ಲವೂ ಹಾಗಿಲ್ಲ. 1980ರಲ್ಲಿ ಶುರುವಾದ ಮಂಗಳೂರು ವಿಶ್ವವಿದ್ಯಾನಿಲಯ ನಗರದಾಚೆಯ ಕೊಣಾಜೆಯಲ್ಲಿದೆ. 1987ರ ಕುವೆಂಪು ವಿಶ್ವವಿದ್ಯಾನಿಲಯ ಶಿವಮೊಗ್ಗದಿಂದ ಇಪ್ಪತ್ತೈದು ಕಿಲೋಮೀಟರಿಗೂ ಆಚೆ ಶಂಕರಘಟ್ಟದಲ್ಲಿದೆ. ಭೂಮಿ ಸಿಕ್ಕಿದ ಕಡೆ ಕಟ್ಟಡ ಎದ್ದಿತು, ಅದು ತಪ್ಪಲ್ಲ. ಆದರೆ ಅಂಥ ಕಡೆ ಬೆಳಿಗ್ಗೆ ಹತ್ತೂವರೆಗೆ ಸಭೆ ಇಟ್ಟು 'ಸರ್ವರಿಗೂ ಸ್ವಾಗತ' ಎಂದರೆ, ಆ ಹೊತ್ತಿಗೆ ಬಿಡುವಿರುವ ಸರ್ವರು ಯಾರು? ಕೂಲಿಯವರಿಗಿಲ್ಲ, ಅಂಗಡಿಯವರಿಗಿಲ್ಲ, ಶಾಲೆಯ ಮಾಸ್ತರಿಗಿಲ್ಲ. ಶುಕ್ರವಾರ ಹನ್ನೆರಡೂವರೆಗೆ ಉಪನ್ಯಾಸ ಶುರುವಾದರೆ ಜುಮಾ ನಮಾಝಿಗೆ ಹೋಗುವವನು ಅರ್ಧದಲ್ಲಿ ಎದ್ದು ಹೋಗಬೇಕು, ಎದ್ದು ಹೋದವನನ್ನು ನೋಡಿ ಪಕ್ಕದವನು ಏನಾದರೂ ಅಂದುಕೊಳ್ಳುತ್ತಾನೆ. ಶುಕ್ರವಾರ ಸಭೆಯೇ ಬೇಡ ಎಂದು ನಾವು ಹೇಳುತ್ತಿಲ್ಲ. ಒಂದು ಗಂಟೆ ಹಿಂದೆ ಮುಂದೆ ಮಾಡುವಾಗ ಊರಿನ ದಿನಚರಿ ನೆನಪಿರಲಿ ಎನ್ನುತ್ತೇವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಟಿಕೇಟಿನ ಚಿಂತೆ ತಪ್ಪಿದೆ. ನಮ್ಮ ಮೊಹಲ್ಲಾದಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹುಡುಗಿಯರಿದ್ದಾರೆ. ಸಭೆ ಇಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಪತ್ರಿಕೆಯಲ್ಲಿ ಬರೆದು, ಅಷ್ಟು ಹೊತ್ತಿಗೆ ಮುಗಿಸಿದರೆ, ಅವರಲ್ಲಿ ನಾಲ್ವರಾದರೂ ಬಂದಾರು. ಮುಗಿಯುವ ಹೊತ್ತು ಗೊತ್ತಿಲ್ಲದ ಸಭೆಗೆ ಯಾವ ಮನೆಯವರೂ ಮಗಳನ್ನು ಕಳಿಸುವುದಿಲ್ಲ.

ಇನ್ನು ಭಾಷೆ. ಇಲ್ಲಿ ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡಬೇಕು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಎಲ್ಲ ವಿಷಯಗಳನ್ನೂ ಉರ್ದುವಿನಲ್ಲಿ ಕಲಿಸಲು ಹೊರಟಿತು. ಅದಕ್ಕಾಗಿಯೇ ಅನುವಾದದ ಇಲಾಖೆ ತೆರೆದರು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಡಬಹುದೆಂದು ತೋರಿಸಿದ ದೊಡ್ಡ ಸಾಹಸ ಅದು, ಉರ್ದು ಓದಿದವರೆಲ್ಲ ಅದರ ಹೆಮ್ಮೆ ಪಡುತ್ತೇವೆ. ಆದರೆ ನಿಝಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ರಾಯಚೂರು, ಬೀದರದ ಕನ್ನಡದ ಹುಡುಗನಿಗೆ ಅದು ತನ್ನ ಭಾಷೆಯಾಗಿರಲಿಲ್ಲ. 'ಸರ್ವರು' ಎಂದು ಹೇಳುವಾಗ ಯಾರೋ ಹೊರಗೆ ಉಳಿಯುತ್ತಾರೆ ಎಂಬುದು ನಮಗೆ ಬೇರೆಯವರ ಸಭೆಯಲ್ಲಿ ಬೇಗ ಕಾಣುತ್ತದೆ, ನಮ್ಮದರಲ್ಲಿ ತಡವಾಗಿ. ಇವತ್ತಿಗೂ ವಿಜ್ಞಾನದ 'ಸಾರ್ವಜನಿಕ ಉಪನ್ಯಾಸ' ಎಂದು ಕರೆದು ಪೂರ್ತಿ ಇಂಗ್ಲಿಷಿನಲ್ಲಿ ಮುಗಿಸುವುದನ್ನು ನಾವು ನೋಡಿದ್ದೇವೆ. ಪ್ರಚಾರೋಪನ್ಯಾಸ ಮಾಡಿದ ಆ ಹಳೆಯ ಅಧ್ಯಾಪಕರು ಪರಿಭಾಷೆ ಸಿಕ್ಕದಿದ್ದರೆ ತಾವೇ ಕಟ್ಟಿಕೊಂಡು ಹೇಳುತ್ತಿದ್ದರು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯ ತನ್ನ ಘಟಿಕೋತ್ಸವವನ್ನು 'ನುಡಿಹಬ್ಬ' ಎಂದಿತು, ಗೌರವ ಪದವಿಯನ್ನು 'ನಾಡೋಜ' ಎಂದಿತು. ಮನಸ್ಸಿದ್ದರೆ ಪದ ಸಿಗುತ್ತದೆ.

ವೇದಿಕೆಯ ಮೇಲಿಂದ ಕಂಡದ್ದನ್ನೂ ಹೇಳಬೇಕು, ಯಾಕೆಂದರೆ ಆ ಕಟ್ಟಿನ ಕೆಲವು ಪತ್ರಿಕೆಗಳಲ್ಲಿ ನಮ್ಮ ಹೆಸರೂ ಇದೆ. ಎಣಿಸಿ ನೋಡಿದೆವು. ಹನ್ನೊಂದು ಪತ್ರಿಕೆಗಳು, ಅವುಗಳಲ್ಲಿ ಒಂಬತ್ತರ ವಿಷಯ ಭಾವೈಕ್ಯ, ಸೌಹಾರ್ದ, ಸೂಫಿಗಳು, ಶಿಶುನಾಳ ಶರೀಫರು. ಇವು ಒಳ್ಳೆಯ ವಿಷಯಗಳೇ, ಶರೀಫರ ಬಗ್ಗೆ ಮಾತಾಡಲು ಯಾರಿಗೆ ಬೇಸರ? ಆದರೆ ನಾವು ಇಪ್ಪತ್ತು ವರ್ಷಗಳಿಂದ ಬರೆಯುತ್ತಿರುವುದು ಸಣ್ಣ ಕಥೆ. ಒಮ್ಮೆ ಇಂಥದೇ ಕರೆ ಬಂದಾಗ, ಕಥೆಯ ಕೊನೆಯನ್ನು ಕಟ್ಟುವ ಬಗ್ಗೆ ಮಾತಾಡಬಹುದೇ ಎಂದು ವಿನಯದಿಂದ ಕೇಳಿದೆವು. ಆ ಕಡೆಯ ಅಧ್ಯಾಪಕರು ಅಷ್ಟೇ ವಿನಯದಿಂದ, 'ಕಥೆಗೆ ಬೇರೆಯವರನ್ನು ಕರೆದಿದ್ದೇವೆ ಸರ್, ತಾವು ಸೌಹಾರ್ದಕ್ಕೆ' ಎಂದರು. ಅವರಿಗೆ ನಮ್ಮ ಮೇಲೆ ಪ್ರೀತಿಯೇ ಇತ್ತು. ಆದರೆ ಆ ಪ್ರೀತಿಯಲ್ಲಿ ನಮಗೊಂದು ಕುರ್ಚಿ ಗೊತ್ತಾಗಿತ್ತು, ಅದರಿಂದ ಏಳುವ ಹಾಗಿರಲಿಲ್ಲ.

ಕೆ.ಎಸ್. ನಿಸಾರ್ ಅಹಮದರು ಭೂವಿಜ್ಞಾನದ ಅಧ್ಯಾಪಕರಾಗಿದ್ದವರು. ಕಲ್ಲು ಮಣ್ಣಿನ ವಿಜ್ಞಾನವನ್ನು ತರಗತಿಯಲ್ಲಿ ಹೇಳಿ, ಕನ್ನಡದ ಕವಿಯಾಗಿ ನಾಡಿನ ಎದುರು ನಿಂತರು. ಶಿವಮೊಗ್ಗದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಬಾನು ಮುಷ್ತಾಕರ ಕಥೆಗಳಿಗೆ ದೀಪಾ ಭಾಸ್ತಿಯವರ ಅನುವಾದದ ಮೂಲಕ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಆ ಪ್ರಶಸ್ತಿ ಸಣ್ಣ ಕಥೆಗಳ ಸಂಕಲನವೊಂದಕ್ಕೆ ಬಂದದ್ದು ಅದೇ ಮೊದಲು. ಅಂದರೆ ಲೋಕ ಗೆದ್ದದ್ದು ಕನ್ನಡದ ಸಣ್ಣ ಕಥೆ. ಅದರ ಮರುತಿಂಗಳೇ ನಮಗೆ ಮೂರು ಕರೆಗಳು ಬಂದವು, ಮೂರರಲ್ಲೂ ವಿಷಯ 'ಮುಸ್ಲಿಂ ಸಂವೇದನೆ'. ಆ ಕಥೆಗಳಲ್ಲಿ ಮಾತು ಹೇಗೆ ಹೆಣೆದುಕೊಂಡಿದೆ, ಒಂದು ಅಡುಗೆಮನೆಯ ಒಳಗಿಂದ ಕಥೆ ಹೇಗೆ ಏಳುತ್ತದೆ, ಉರ್ದು, ದಖನಿ, ಹಾಸನದ ಕನ್ನಡ ಹೇಗೆ ಕೂಡುತ್ತವೆ ಎಂದು ಕೇಳುವ ಸಭೆ ಇನ್ನೂ ನಮ್ಮ ಕಟ್ಟಿಗೆ ಬಂದು ಸೇರಿಲ್ಲ. ಚಾಚಾಗೆ ಬಾಯಿಲ್ಲ, ನಮಗೆ ವಿಷಯವಿಲ್ಲ. ಎರಡೂ ಒಂದೇ ಕಾಯಿಲೆ. ಎದುರಿಗಿರುವ ಮನುಷ್ಯ ಏನು ಬಲ್ಲ ಎಂದು ಕೇಳದೆಯೇ ಅವನ ಜಾಗವನ್ನು ಗೊತ್ತು ಮಾಡುವ ಕಾಯಿಲೆ.

ಭಯವೂ ಇದೆ, ಅದನ್ನು ಮುಚ್ಚಿಡಬಾರದು. ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ, ಹಂಪಿಯಲ್ಲಿ ಕುಲಪತಿಯಾಗಿದ್ದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಅವರ ಆಯುಧ ಮಾತು ಮತ್ತು ಬರಹ ಎರಡೇ. ಆಮೇಲೆ ಸಭೆ ನಡೆಸುವವರ ಬಾಯಲ್ಲಿ ಒಂದು ಮಾತು ಹೆಚ್ಚಾಯಿತು: 'ವಿವಾದ ಬೇಡ ಸರ್'. ಅವರ ಕಷ್ಟ ನಮಗೆ ಅರ್ಥವಾಗುತ್ತದೆ. ಪ್ರಶ್ನೆಗೆ ಅವಕಾಶ ಕೊಟ್ಟರೆ ಯಾರು ಏನು ಕೇಳಿಬಿಡುತ್ತಾರೋ, ಅದರ ತುಣುಕು ಯಾರ ಮೊಬೈಲಿನಲ್ಲಿ ಎಲ್ಲಿಗೆ ಹೋಗುತ್ತದೋ. ವಂದನಾರ್ಪಣೆಯಲ್ಲಿ ಅಂಥ ಅಪಾಯವಿಲ್ಲ. ಆದರೆ ಪ್ರಶ್ನೆಗೆ ಹೆದರಿ ಬಾಗಿಲು ಮುಚ್ಚಿದರೆ ಬೀದಿಯ ಪ್ರಶ್ನೆ ನಿಲ್ಲುವುದಿಲ್ಲ, ಅದು ಉತ್ತರ ಬಲ್ಲವರಿಲ್ಲದ ಕಡೆಗೆ ಹೋಗುತ್ತದೆ. ಚಾಚಾನ ಪ್ರಶ್ನೆಗೆ ವಿಶ್ವವಿದ್ಯಾನಿಲಯ ಕಿವಿ ಕೊಡದಿದ್ದರೆ, 'ನಿಮ್ಮ ಭಾಷೆ ಈ ಮಣ್ಣಿನದೇ ಅಲ್ಲ' ಎನ್ನುವವನೊಬ್ಬ ಬಂದು ಉತ್ತರ ಕೊಡುತ್ತಾನೆ. 'ಕನ್ನಡ ನಮ್ಮದಲ್ಲ' ಎನ್ನುವ ಇನ್ನೊಬ್ಬ ನಮ್ಮ ಬೀದಿಯಿಂದಲೇ ಎದ್ದು ಬರುತ್ತಾನೆ.

ನಮ್ಮ ಬೀದಿಯ ಸಭೆಗಳೂ ಇದರಿಂದ ಪಾರಲ್ಲ. ನಮ್ಮ ಜಲ್ಸಾಗಳಲ್ಲಿ ಹೆಣ್ಣುಮಕ್ಕಳು ಪರದೆಯ ಹಿಂದೆ ಕೂತು ಕೇಳುತ್ತಾರೆ, ಅಲ್ಲಿಂದ ಒಂದು ಚೀಟಿಯಾದರೂ ವೇದಿಕೆಗೆ ಬರುವ ದಾರಿ ಬಹಳ ಕಡೆ ಇಲ್ಲ. ಅಜ್ಜಿ ಹೇಳಿದ ಹಝ್ರತ್ ಉಮರರ ಕಥೆ ಆ 'ಬಯಾನ್'ನಲ್ಲಿ ಬರುತ್ತದೆ, ಸಭೆಯ ಕ್ರಮದಲ್ಲಿ ಬರುವುದಿಲ್ಲ. ಇನ್ನು ನಾವೇ ಒಮ್ಮೆ ಒಂದು ಕಾಲೇಜಿನಲ್ಲಿ ನಲವತ್ತು ನಿಮಿಷದ ಮಾತನ್ನು ಎಪ್ಪತ್ತು ನಿಮಿಷ ಆಡಿ, ಪ್ರಶ್ನೆಯ ಹೊತ್ತನ್ನೆಲ್ಲ ನುಂಗಿ ಇಳಿದು ಬಂದೆವು. ಚಪ್ಪಾಳೆ ಜೋರಾಗಿತ್ತು. ಭಾಷಣ ಮೆಚ್ಚಿ ತಟ್ಟಿದರೋ ಮುಗಿಯಿತಲ್ಲ ಎಂದು ತಟ್ಟಿದರೋ ಎಂದು ಆಮೇಲೆ ಯೋಚನೆ ಬಂತು.

ಆದ್ದರಿಂದ ಸಭೆ ನಡೆಸುವವರಲ್ಲಿ ನಮ್ಮ ಕೋರಿಕೆ ದೊಡ್ಡದೇನಲ್ಲ. ಆಹ್ವಾನ ಪತ್ರಿಕೆಯಲ್ಲಿ ಹೆಸರುಗಳನ್ನು ಅರ್ಧ ಮಾಡಿ, ವಿಷಯಕ್ಕೆ ನಾಲ್ಕು ಸಾಲು ಕೊಡಿ. ಮುಗಿಯುವ ಹೊತ್ತು, ಬಸ್ಸಿನ ಹೊತ್ತು ಬರೆಯಿರಿ. ವೇದಿಕೆಯ ಮೇಲೆ ಇಬ್ಬರು ಸಾಕು, ಒಬ್ಬರು ಮಾತಾಡಲು, ಇನ್ನೊಬ್ಬರು ಪ್ರಶ್ನೆಗಳನ್ನು ಕರೆಯಲು. ಹಾರ ಶಾಲುಗಳ ದುಡ್ಡಿನಲ್ಲಿ ಭಾಷಣವನ್ನು ಎಂಟು ಪುಟದ ಪುಸ್ತಕ ಮಾಡಿ ಬಾಗಿಲಲ್ಲಿ ಹಂಚಿ. ವರ್ಷದಲ್ಲಿ ಎರಡು ಉಪನ್ಯಾಸಗಳನ್ನಾದರೂ ಊರೊಳಗೆ ತನ್ನಿ, ವಾಚನಾಲಯದಲ್ಲೋ ಶಾದಿಮಹಲಿನಲ್ಲೋ ಶಾಲೆಯ ಅಂಗಳದಲ್ಲೋ, ಮಗ್ರಿಬ್ ಆದ ಮೇಲೆ, ಅಂಗಡಿ ಮುಚ್ಚುವ ಹೊತ್ತಿಗೆ. ಅರ್ಧ ಗಂಟೆ ಪ್ರಶ್ನೆಗೆ ಮೀಸಲಿಡಿ, ಮೊದಲ ಪ್ರಶ್ನೆ ಹೊರಗಿನಿಂದ ಬಂದವರದಾಗಿರಲಿ. ದತ್ತಿ ಇಟ್ಟ ಹಿರಿಯರು ತಮ್ಮ ಉಳಿತಾಯವನ್ನು ಕೊಟ್ಟದ್ದು ಮಾತಿಗಾಗಿ, ಅದರ ಬಡ್ಡಿ ಹಣ್ಣಿನ ಬುಟ್ಟಿಗೆ ಹೋಗಬಾರದು.

ಬರುವ ತಿಂಗಳು ಅದೇ ವಿಶ್ವವಿದ್ಯಾನಿಲಯದಲ್ಲಿ ಮತ್ತೊಂದು ಉಪನ್ಯಾಸವಿದೆ, ಕರ್ನಾಟಕದ ಭಾಷೆಗಳ ಕೊಡುಕೊಳೆಯ ಬಗ್ಗೆ. ಪತ್ರಿಕೆ ಬಂದ ದಿನವೇ ಚಾಚಾಗೆ ತೋರಿಸಿದೆವು. ಭೂತಗನ್ನಡಿಯಲ್ಲಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಈ ಸಲ ಕೇಳಬಹುದಾ?' ಎಂದರು. ಆಮೇಲೆ ಪತ್ರಿಕೆಯ ಹಿಂಬದಿಯ ಖಾಲಿ ಜಾಗದಲ್ಲಿ ತಮ್ಮ ಪ್ರಶ್ನೆಯನ್ನು ಉರ್ದು ಅಕ್ಷರಗಳಲ್ಲಿ, ಗಡಿಯಾರದ ಮುಳ್ಳಿನಷ್ಟು ಸಣ್ಣದಾಗಿ ಬರೆದುಕೊಟ್ಟರು. ನಾವು ಅದನ್ನು ಕನ್ನಡದಲ್ಲಿ ಬರೆದು, ಕೆಳಗೆ ಅವರ ಅಂಗಡಿಯ ವಿಳಾಸ ಹಾಕಿ, ವಿಭಾಗದ ಮುಖ್ಯಸ್ಥರಿಗೆ ಅಂಚೆಯಲ್ಲಿ ಕಳಿಸಿದ್ದೇವೆ. ಉತ್ತರ ಸಭೆಯಲ್ಲಿ ಬಂದರೂ ಸಂತೋಷ, ಅಂಗಡಿಗೆ ಬಂದರೂ ಸಂತೋಷ.